ಕಿಟಕಿಯಲ್ಲಿದ್ದ ಗುಲಾಬಿ ಕಲ್ಲು

ಕ್ಷೌರದಂಗಡಿಯಲ್ಲಿ ಗೀರುಗಾಯಕ್ಕೆ ಉಜ್ಜುವ ಪಟಿಕ ಸವೆದು ಕಡಲೆಬೇಳೆಯಷ್ಟಾಗಿತ್ತು. ಬೆಳಿಗ್ಗೆ ಮನೆ ಬಿಡುವಾಗ ಅಡುಗೆಮನೆಯ ಕಿಟಕಿಯಲ್ಲಿ ಮುಷ್ಟಿಗಾತ್ರದ ಗುಲಾಬಿ ಕಲ್ಲೊಂದು ಕ್ಷೌರಿಕನ ಕಣ್ಣಿಗೆ ಬಿತ್ತು. ಇದೂ ಪಟಿಕದ ಜಾತಿಯೇ ಇರಬೇಕೆಂದು ಸದ್ದಿಲ್ಲದೆ ಜೇಬಿಗಿಳಿಸಿದ. ಅಕ್ಕನನ್ನು ಕೇಳುವ ಧೈರ್ಯವಿರಲಿಲ್ಲ. ಅಕ್ಕ-ಭಾವನ ಮನೆಯಲ್ಲಿ ಬಿಟ್ಟಿ ಊಟ ಮಾಡುವವನಿಗೆ ಅಷ್ಟು ಭಯ ಇರಲೇಬೇಕಲ್ಲ.

ಮೊದಲ ಗಿರಾಕಿ ನಿವೃತ್ತ ಭೂಗೋಳದ ಮೇಷ್ಟ್ರು. ಕತ್ತಿ ಕೆನ್ನೆಯ ಮೇಲೆ ಆಡುತ್ತಿದ್ದರೂ ಅವರ ಪ್ರಶ್ನೆಗಳು ನಿಲ್ಲುವವಲ್ಲ. ಕೆನ್ನೆ ಅಲುಗಿತು, ಕತ್ತಿ ಸಣ್ಣಗೆ ಗೀರಿತು. ಕ್ಷೌರಿಕ ಕಲ್ಲನ್ನು ನೀರಿಗದ್ದಿ ಗಾಯಕ್ಕೆ ಉಜ್ಜಿದ. ಮೇಷ್ಟ್ರು ಕಾದೆಣ್ಣೆಗೆ ಬಿದ್ದ ಸಾಸಿವೆಯಂತೆ ಕುರ್ಚಿಯಿಂದ ಸಿಡಿದರು.

ಪಕ್ಕದಂಗಡಿಯ ದರ್ಜಿ ಕೊರಳಿನ ಅಳತೆ ಟೇಪಿನ ಸಮೇತ ಓಡಿಬಂದ. "ಏನಾಯ್ತು? ಕಿವಿ ಹೋಯ್ತಾ?"

ಮೇಷ್ಟ್ರು ತುಟಿಗಿಳಿದ ನೀರಹನಿಯನ್ನು ನಾಲಿಗೆಯಿಂದ ಸವರಿಕೊಂಡರು. ಕಣ್ಣು ಅರಳಿತು. ಕಲ್ಲನ್ನು ಕಿತ್ತುಕೊಂಡು, ನಲ್ಲಿಯಡಿ ತೊಳೆದು, ನೆಕ್ಕಿಯೇ ನೋಡಿದರು.

"ಇದು ಪಟಿಕ ಅಲ್ಲಯ್ಯಾ. ಸೈಂಧವ ಲವಣ."

"ಉಪ್ಪಾದ್ರೆ ಬೆಳ್ಳಗಿರಬೇಕಲ್ಲ ಮೇಷ್ಟ್ರೇ?" ಎಂದ ದರ್ಜಿ.

"ಕಬ್ಬಿಣದ ಅಂಶ ಸೇರಿದೆ, ಅದಕ್ಕೇ ಈ ಬಣ್ಣ. ಮನುಷ್ಯ ಹುಟ್ಟೋಕೆ ಎಷ್ಟೋ ಮುಂಚೆ ಒಂದು ಸಮುದ್ರ ಬತ್ತಿಹೋಯ್ತು. ಉಪ್ಪು ತಳದಲ್ಲಿ ಉಳೀತು, ಮೇಲೆ ಮಣ್ಣು ಬಿತ್ತು, ಬೆಟ್ಟ ಎದ್ದವು. ಈಗ ಗಣಿ ತೋಡಿ ಒಡೆದು ತರ್ತಾರೆ. ನನ್ನ ಕೆನ್ನೆಗೆ ಇವನು ತಿಕ್ಕಿದ್ದು ಸಮುದ್ರವನ್ನ."

ಸಮುದ್ರ ಎಂದ ಮೇಲೆ ದರ್ಜಿಗೆ ರುಚಿ ನೋಡದೆ ಇರಲಾಗಲಿಲ್ಲ. ಗಂಟಲು ಕೆರೆತಕ್ಕೆ ಬಿಸಿನೀರಲ್ಲಿ ಮುಕ್ಕಳಿಸುತ್ತೇನೆಂದು ಒಂದು ಚೂರು ಒಡೆದುಕೊಂಡ. ಅಷ್ಟರಲ್ಲಿ ಹಾಲಿನವಳು ಬಂದಳು. "ಇಂಥದನ್ನ ನಮ್ಮ ಹಸು ನೆಕ್ಕುತ್ತೆ. ಮನುಷ್ಯರು ಸಾಲಾಗಿ ನಿಂತು ನೆಕ್ಕೋದನ್ನ ಇವತ್ತೇ ಕಂಡಿದ್ದು," ಎಂದವಳು ಹಸುವಿಗೊಂದು ಚೂರು, ತನಗೊಂದು ಚೂರು ಎತ್ತಿಕೊಂಡಳು. ಮೇಷ್ಟ್ರು ನಿಂಬೆಹಣ್ಣು ತರಿಸಿ, ಉಳಿದ ಕಲ್ಲನ್ನು ಲೋಟಗಳಿಗೆ ಅದ್ದಿ ಅದ್ದಿ ಎಲ್ಲರಿಗೂ ಕುಡಿಸಿದರು. ಕ್ಷೌರಿಕನೂ ಎರಡು ಲೋಟ ಹೀರಿದ. ರುಚಿ ನಿಜಕ್ಕೂ ಬೇರೆಯೇ ಇತ್ತು.

ಲೋಟ ಕೆಳಗಿಟ್ಟಾಗ ಕಲ್ಲು ನೆಲ್ಲಿಕಾಯಿಯಷ್ಟಾಗಿತ್ತು. ಅಕ್ಕನ ಮುಖ ನೆನಪಾಗಿ ಅವನು ದಿನಸಿ ಅಂಗಡಿಗೆ ಓಡಿದ.

"ಈಗಷ್ಟೇ ಖಾಲಿ," ಎಂದ ಅಂಗಡಿಯವನು. "ಯಾವುದೋ ಕ್ಷೌರದಂಗಡೀಲಿ ಸಮುದ್ರ ಹಂಚ್ತಿದಾರಂತೆ. ಅದನ್ನ ಕೇಳಿ ಜನ ಮುಗಿಬಿದ್ದು ಹೊತ್ಕೊಂಡು ಹೋದ್ರು."

ಬರಿಗೈಯಲ್ಲಿ ಮರಳಿದವನು ಮೂವರಿಗೂ ಕೈಮುಗಿದ. "ನೀವೇ ಬಂದು ಅಕ್ಕಂಗೆ ಸಮಾಧಾನ ಹೇಳಬೇಕು. ಒಬ್ಬನೇ ಹೋದ್ರೆ ಇವತ್ತಿಂದ ನಂಗೆ ಊಟ ಇಲ್ಲ."

"ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೆಯಬೇಕು, ನಡಿ," ಎಂದು ಮೇಷ್ಟ್ರು ಮುಂದಾದರು.

ಬಾಗಿಲಲ್ಲೇ ಅವರು ಶುರುಮಾಡಿದರು. "ತಪ್ಪು ನಮ್ದಮ್ಮ, ಇವನನ್ನ ಬೈಬೇಡಿ. ಕಿಟಕೀಲಿದ್ದ ನಿಮ್ಮ ಅಡುಗೆ ಉಪ್ಪನ್ನ ನಾವೇ ತಿಂದು ಮುಗಿಸಿದ್ವಿ. ಅಂಥ ರುಚಿ ಈ ಜನ್ಮದಲ್ಲಿ ಕಂಡಿರಲಿಲ್ಲ."

ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಅಡುಗೆ ಉಪ್ಪು ಡಬ್ಬೀಲಿದೆಯಲ್ಲ. ಕಿಟಕೀಲಿದ್ದದ್ದು ನಮ್ಮ ಯಜಮಾನ್ರ ಕಾಲಿಂದು. ಹಿಮ್ಮಡಿ ಬಿರುಕು ಅಂತ ದಿನಾ ಬಿಸಿನೀರಿಗೆ ಅದನ್ನ ಹಾಕಿ ಕಾಲು ನೆನೆಸ್ತಾರೆ. ಆಮೇಲೆ ಒಣಗ್ಲಿ ಅಂತ ಅಲ್ಲಿಡ್ತೀನಿ."

ದರ್ಜಿ ಬಚ್ಚಲು ಎಲ್ಲಿ ಎಂದು ಕೇಳಿದ. ಹಾಲಿನವಳು ಹಸುವನ್ನು ನೆನೆದು ಓಡಿದಳು. ಮೇಷ್ಟ್ರ ಕುತೂಹಲ ಮಾತ್ರ ಇನ್ನೂ ತಣಿದಿರಲಿಲ್ಲ.

"ತುಂಬಾ ದಿನದಿಂದ ನೆನೆಸ್ತಿದಾರಾ, ಅಮ್ಮ?"

"ದಿನ ಯಾರು ಲೆಕ್ಕ ಇಡ್ತಾರೆ ಮೇಷ್ಟ್ರೇ? ತಂದಾಗ ಕುಂಬಳಕಾಯಿ ಗಾತ್ರ ಇತ್ತು."

ಮೇಷ್ಟ್ರು ಬಾಯಿ ಒರೆಸಿಕೊಳ್ಳುತ್ತ ಮೆಟ್ಟಿಲಿಳಿದರು. ಅಕ್ಕ ಬೈಯಲಿಲ್ಲ. ತಟ್ಟೆ ಹಾಕಿ, "ಕೂತ್ಕೋ, ಊಟ ಆರುತ್ತೆ," ಎಂದು ಬಿಸಿಬಿಸಿಯಾಗಿ ಬಡಿಸಿದಳು. ಅಷ್ಟರಲ್ಲಿ ಭಾವ ಒಳಗಿನಿಂದ ಕುಂಟುತ್ತ ಬಂದು, ಎದುರಿನ ಕುರ್ಚಿಯಲ್ಲಿ ಕೂತು, ಎರಡೂ ಕಾಲನ್ನು ನಿರಾಳವಾಗಿ ತಟ್ಟೆಯ ಕಡೆಗೆ ಚಾಚಿದರು.

ಊಟ ತಪ್ಪೀತೆಂದು ಹೆದರಿ ಬಂದವನಿಗೆ ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ.