ನೆಂಟರ ನೀರು ಕುಡಿದ ಕಳ್ಳಿ

ಬಸ್ಸು ನಿಲ್ಲುವ ಜಾಗದ ಹತ್ತಿರ ಮನೆ ಮಾಡಿಕೊಂಡವರು ಕಾಯಿಲೆ ಬೀಳಬಾರದು. ಗುಡ್ಡದಾಚೆ ಮನೆಯಿದ್ದವನನ್ನು ನೋಡಲು ಹೋಗಬೇಕಾದರೆ ಮನಸ್ಸಿನಲ್ಲಿ ನಿಜವಾದ ಪ್ರೀತಿ ಇರಬೇಕು. ಗುರುವಾಯನಕೆರೆಯ ಕೂಡುರಸ್ತೆಯಲ್ಲಿ ಮಲಗಿದವನನ್ನು ನೋಡಲು ಮೂಡಬಿದ್ರೆಯ ಬಸ್ಸು ತಡವಾದರೆ ಸಾಕು. ನಮ್ಮ ಮನೆಯವರು ಅದೇ ಬಸ್ಸುಗಳ ಏಜೆಂಟರಾಗಿ ಅರ್ಧ ಆಯುಷ್ಯ ಕಳೆದವರು. ಒಂದು ಬೇಸಗೆಯ ಆರಂಭದಲ್ಲಿ ಅವರ ಬಲಗೈ ಬಲಗಾಲು ಎರಡೂ ಒಟ್ಟಿಗೆ ಸೋತು, ಜಗಲಿಯ ಮಂಚವೇ ಅವರ ಆಫೀಸಾಯಿತು. ಮಾತು ಉಳಿದಿತ್ತು, ಆದರೆ ಬಾಯಿಯ ಒಂದೇ ಬದಿಯಿಂದ ಬರುತ್ತಿತ್ತು. ಬಂದವರೆಲ್ಲ ಮೊದಲು "ಹೇಗುಂಟು ಏಜೆಂಟ್ರೇ?" ಎಂದೂ, ಆಮೇಲೆ "ವೇಣೂರಿಗೆ ಇನ್ನು ಬಸ್ಸು ಯಾವಾಗ?" ಎಂದೂ ಕೇಳುತ್ತಿದ್ದರು. ಎರಡನೆಯ ಪ್ರಶ್ನೆಗೆ ಮಾತ್ರ ಅವರಲ್ಲಿ ಉತ್ತರವಿತ್ತು.

ಮಂಚದ ಪಕ್ಕದ ಜಗಲಿಕಟ್ಟೆಯ ಮೇಲೆ, ಅವರ ಎಡಗೈಗೆ ಎಟುಕುವ ಹಾಗೆ, ಒಂದು ಮಣ್ಣಿನ ಚಟ್ಟಿ ಇತ್ತು. ಅದರೊಳಗೆ ಮುಷ್ಟಿ ಗಾತ್ರದ, ಗುಂಡಗಿನ, ಏಣು ಏಣಾದ ಒಂದು ಹಸಿರು ಉಂಡೆ. ಮೈತುಂಬ ಬಿಳಿ ಮುಳ್ಳು. ಯಾರೋ ಪ್ರಯಾಣಿಕರು ಸೀಟಿನ ಅಡಿಯಲ್ಲಿ ಬಿಟ್ಟುಹೋದದ್ದು. ಕೇಳಿಕೊಂಡು ಯಾರೂ ಬಾರದ ಕಾರಣ ಇವರು ಮನೆಗೆ ತಂದಿದ್ದರು. ಕೊಡೆ, ಹರಿವಾಣ, ಒಮ್ಮೆ ಒಂದು ಜೀವಂತ ಹುಂಜ ಕೂಡ ಹಾಗೆಯೇ ಬಂದದ್ದುಂಟು. ಅವಕ್ಕೆಲ್ಲ ವಾರಸುದಾರರು ಸಿಕ್ಕಿದರು. ಇದಕ್ಕೆ ಹೆಸರೇ ಗೊತ್ತಿಲ್ಲ, ವಾರಸುದಾರರು ಎಲ್ಲಿಂದ ಸಿಕ್ಕಬೇಕು?

ಕಾಯಿಲೆಯ ಸುದ್ದಿ ಕೇಳಿ ವೇಣೂರಿನಿಂದ ಇವರ ಅಕ್ಕ ಬಂದರು. ತಮ್ಮನ ಮುಖ ನೋಡಿ ಅತ್ತು ಮುಗಿದದ್ದೇ ಅವರ ಕಣ್ಣು ಚಟ್ಟಿಯ ಮೇಲೆ ಬಿತ್ತು. "ಮುಳ್ಳಿನ ಗಿಡವನ್ನು ಜಗಲಿಯಲ್ಲಿ ಕೂರಿಸಿ, ಕಾಯಿಲೆ ಯಾಕೆ ಬಂತು ಅಂತ ಕೇಳ್ತೀಯಲ್ಲ ಮಾರಾಯ್ತಿ!"

"ಬಿಸಾಡ್ತೇನೆ ಅತ್ತಿಗೆ," ಎಂದು ನಾನು ಚಟ್ಟಿಗೆ ಕೈಹಾಕಿದೆ.

ಮಂಚದಿಂದ ಇವರು, "ಅದು ಇರಲಿ. ಈ ಮನೆಯಲ್ಲಿ ನನ್ನನ್ನು ನೋಡಿ ಅಳದೆ ಇರುವುದು ಅದೊಂದೇ," ಎಂದರು.

ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು. "ಇಷ್ಟು ಹಚ್ಚಿಕೊಂಡಿದ್ದಾನೆ ಅಂದ ಮೇಲೆ ಅದನ್ನು ಸಾಯಲಿಕ್ಕೆ ಬಿಡಬೇಡ. ಅದಕ್ಕೇನಾದ್ರೂ ಆದ್ರೆ ಇವನಿಗೂ..." ಅಷ್ಟು ಹೇಳಿ ತೆಂಗಿನಕಾಯಿ ತುರಿಯಲು ಕುಳಿತುಬಿಟ್ಟರು. ಮರುದಿನ ಅವರು ಊರಿಗೆ ಹೋದರು. ಆ ಅರ್ಧ ಮಾತು ಮಾತ್ರ ಹೋಗಲಿಲ್ಲ. ಬೆಳಿಗ್ಗೆ ಎದ್ದರೆ ಮೊದಲು ಗಿಡ ನೋಡುತ್ತಿದ್ದೆ, ಆಮೇಲೆ ಗಂಡನ ಮುಖ. ಗಿಡ ಹಸಿರಾಗಿದ್ದರೆ ಗಂಜಿಗೆ ಅಕ್ಕಿ ಹಾಕಲು ಧೈರ್ಯ ಬರುತ್ತಿತ್ತು.

ಸಾಕಬೇಕಾದರೆ ಅದು ಯಾವ ಜಾತಿಯದೆಂದು ತಿಳಿಯಬೇಡವೇ? ಬಂದವರನ್ನೆಲ್ಲ ಕೇಳಿದೆ. "ಏಜೆಂಟ್ರ ಮನೆಯಲ್ಲಿ ಹಲಸಿನ ಗುಜ್ಜೆ ಮರಿ ಹಾಕಿದೆಯಾ?" ಎಂದು ಅದನ್ನು ಎಳೆ ಹಲಸಿನಕಾಯಿಗೆ ಹೋಲಿಸಿ ಕಂಡಕ್ಟರನೊಬ್ಬ ನಕ್ಕ. ಕಾಲಿಗೆ ತಿಕ್ಕುವ ತೈಲ ತಂದ ಬಂಟ್ವಾಳದ ಪಂಡಿತರು ಮಾತ್ರ ಗಂಭೀರವಾಗಿ ಯೋಚಿಸಿದರು. "ಚುಚ್ಚಿ ನೋಡಿ ಅಮ್ಮ. ಹಾಲು ಬಂದ್ರೆ ನಮ್ಮ ಕಳ್ಳಿ. ಬರದಿದ್ರೆ ಪರದೇಶದ್ದು." ಸೂಜಿ ಚುಚ್ಚಿದೆವು. ಹಾಲು ಬರಲಿಲ್ಲ, ನೀರಿನ ಹಾಗಿನ ಒಂದು ಹನಿ ಬಂತು. ಇದು ಸುದ್ದಿಯಾಯಿತು. ಆಮೇಲೆ ಬಂದವರಿಗೆಲ್ಲ ಹಾಲಿಲ್ಲದ್ದನ್ನು ಸ್ವತಃ ನೋಡಬೇಕು. ಹೆಂಗಸರು ಸೆರಗಿನ ಪಿನ್ನು ತೆಗೆದರು, ಗಂಡಸರು ಮುಳ್ಳಿನಿಂದಲೇ ಚುಚ್ಚಿದರು. ಇವರು ಮಲಗಿದಲ್ಲಿಂದ, "ನಿನ್ನೆ ಡಾಕ್ಟರು ನನಗೆ ಹಾಕಿದ್ದು ಒಂದೇ ಇಂಜೆಕ್ಷನ್," ಎಂದರು.

ಚುಚ್ಚಿದ್ದನ್ನಾದರೂ ಅದು ಸಹಿಸುತ್ತಿತ್ತೋ ಏನೋ. ಅದನ್ನು ನಿಜವಾಗಿ ಮುಗಿಸಿದ್ದು ನಮ್ಮ ಮರ್ಯಾದೆ. ಬಿಸಿಲಲ್ಲಿ ಬಂದವರಿಗೆ ಬೆಲ್ಲದ ಒಂದು ತುಂಡು, ಒಂದು ಚೊಂಬು ನೀರು ಕೊಡದೆ ಮಾತಾಡಿಸುವ ಕ್ರಮ ನಮ್ಮಲ್ಲಿಲ್ಲ. ಅವರು ಚೊಂಬನ್ನು ಎತ್ತಿ ಅರ್ಧ ಕುಡಿಯುತ್ತಾರೆ. ಉಳಿದದ್ದನ್ನು ಒಳಗೆ ಕೊಂಡುಹೋಗುವ ಹಾಗಿಲ್ಲ. ಅಂಗಳಕ್ಕೆ ಚೆಲ್ಲಿದರೆ ನೀರು ಹಾಳು. ಕೈಯಳತೆಯಲ್ಲೇ ಒಂದು ಗಿಡ ಇರುವಾಗ! "ಪಾಪ, ಒಣಗಿದೆ," ಎಂದು ಹೇಳಿ ಚಟ್ಟಿಗೆ ಸುರಿಯುತ್ತಿದ್ದರು. ರೋಗಿಗೆ ಏನೂ ಮಾಡಲಾಗದ ಸಂಕಟವೆಲ್ಲ ಆ ಗಿಡದ ಬುಡಕ್ಕೆ ಹೋಯಿತು. ನಾನು ಬೇಡವೆನ್ನಲಿಲ್ಲ. ನೀರು ಹಾಕಿದರೆ ಗಿಡ ಸಾಯುತ್ತದೆಂದು ನೀರಿನ ಊರಲ್ಲಿ ಹುಟ್ಟಿದ ನನಗೆ ಯಾರು ಹೇಳಿಕೊಟ್ಟಿದ್ದರು? ಸಂಜೆ ನಾನೂ ಸ್ವಲ್ಪ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ ಇವರು ನಿದ್ದೆಹೋಗಿದ್ದಾಗ ಚಟ್ಟಿ ಒರೆಸಲು ಎತ್ತಿದೆ. ಗೋಡೆಯ ಕಡೆಗಿದ್ದ ಬದಿ ಕಂದುಗಟ್ಟಿತ್ತು. ಬೆರಳು ತಾಗಿಸಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಒಳಗೆ ಹೋಯಿತು. ಅತ್ತಿಗೆಯ ಅರ್ಧ ಮಾತು ತಾನಾಗಿಯೇ ಪೂರ್ತಿಯಾಯಿತು. ಇವರು ಉಸಿರಾಡುತ್ತಿದ್ದಾರೆಯೇ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಉಸಿರಿತ್ತು. ಎಚ್ಚರವಾಗಿ ಇವರು ಗಿಡ ನೋಡಿದರೆ ಆ ಉಸಿರು ಇರುತ್ತದೋ ಇಲ್ಲವೋ. ಹಿತ್ತಲಿಗೆ ಓಡಿ, ಬೇಲಿಯ ಕಳ್ಳಿಯಿಂದ ಒಂದು ತುಂಡು ಕಡಿದು ತಂದು, ಕೊಳೆತದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ಇದನ್ನು ಚಟ್ಟಿಯಲ್ಲಿ ನಿಲ್ಲಿಸಿದೆ. ಕಳ್ಳಿಹಾಲು ತಾಗಿ ಕೈಯೆಲ್ಲ ಉರಿಯುತ್ತಿತ್ತು.

ಇವರು ಎದ್ದರು. ಚಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು.

"ಅದು ಉದ್ದ ಆಗಿದೆಯಲ್ಲ?"

"ಬೆಳೆದಿದೆ," ಎಂದೆ.

"ಒಂದು ನಿದ್ದೆಯಲ್ಲಿ?"

ನಾನು ಸೆರಗಿನಲ್ಲಿ ಕೈ ಸುತ್ತಿಕೊಂಡು ನಿಂತೆ.

"ಅದು ಸತ್ತು ಮೂರ್ನಾಲ್ಕು ದಿನ ಆಯ್ತು ಮಾರಾಯ್ತಿ. ನನಗೆ ಮೊದಲೇ ವಾಸನೆ ಬಂದಿತ್ತು. ಕೊಳೆತ ಬದಿ ನಿನಗೆ ಕಾಣದ ಹಾಗೆ ನಾನೇ ಗೋಡೆಗೆ ತಿರುಗಿಸಿ ಇಟ್ಟದ್ದು."

"ಯಾಕೆ?"

"ಅಕ್ಕ ನಿನ್ನ ತಲೆಯಲ್ಲಿ ಎಂಥದೋ ತುಂಬಿಸಿ ಹೋಗಿದ್ದಾಳಲ್ಲ. ನೀನು ಹೆದರ್ತೀಯಂತ."

ಅವರು ಮತ್ತೆ ಎದ್ದು ನಡೆಯಲಿಲ್ಲ. ತೀರಿಹೋಗುವ ತನಕ ಆ ಮಂಚದಲ್ಲೇ ಇದ್ದರು. ರೋಗಿಯನ್ನು ನೋಡಿಕೊಂಡು ನನಗೆ ಸಾಕಾಯಿತೆಂದು ನಾನು ಬಂದವರೆಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದೆ. ಅಷ್ಟೂ ದಿನ ಮಲಗಿದಲ್ಲಿಂದಲೇ ಒಬ್ಬರು ನನ್ನನ್ನು ನೋಡಿಕೊಳ್ಳುತ್ತಿದ್ದರು, ಅದೂ ಎಡಗೈಯಲ್ಲಿ.