ಒಂದು ಬಾಟ್ಲಿ ಸಮುದ್ರದ ನೀರು

“ನಾಳೆ ವರ್ಲಿಗೆ ಹೋದಾಗ ಒಂದು ಬಾಟ್ಲಿ ನೀರು ಹೆಚ್ಚಿಗಿ ತರ್ರಿ.”

ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ಪರೇಲಿನ ಆಸ್ಪತ್ರೆಯಲ್ಲಿ, ಸಂಜೆ ಭೇಟಿಯ ಹೊತ್ತಿನಲ್ಲಿ. ಯಾಕೆ ಅಂತ ಕೇಳುವುದರೊಳಗೆ ಹೊತ್ತು ಮುಗೀತು ಅಂತ ಎಬ್ಬಿಸಿದರು. ಮರುದಿನ ಹೋಗುವಷ್ಟರಲ್ಲಿ ಅವಳು ಇರಲಿಲ್ಲ. ಜ್ವರ ನೆತ್ತಿಗೇರಿತ್ತು. ಅವತ್ತೇ ಮಣ್ಣು ಮಾಡಿ ಬಂದೆವು.

ಬೇರೆಯವರ ಹೆಂಡಂದಿರು ಕೊನೆಗೆ ದೇವರ ಮಾತಾಡುತ್ತಾರೆ. ನನ್ನವಳು ಉಪ್ಪುನೀರಿನ ಮಾತಾಡಿದಳು. ನಮ್ಮ ಮನೆಯಲ್ಲಿ ಯಾವುದೂ ನೆಟ್ಟಗೆ ನಡೆದಿಲ್ಲ. ಆ ಕಲ್ಲು ಬಂದ ಮೇಲಂತೂ ಇಲ್ಲವೇ ಇಲ್ಲ.

ಬಸ್ಸಿನಲ್ಲಿ

ಗೋರೆಗಾಂವ್‌ನ ಒಬ್ಬ ಸಾಹೇಬರಲ್ಲಿ ಕೆಲಸಕ್ಕಿದ್ದೆ. ಅವರಿಗೆ ಮೀನು ಸಾಕುವ ಹುಚ್ಚು. ಹೊಸದಾಗಿ ದೊಡ್ಡ ಗಾಜಿನ ಪೆಟ್ಟಿಗೆ ಮಾಡಿಸಿದರು. ಇದರಲ್ಲಿ ಸಮುದ್ರದ ನೀರು, ಸಮುದ್ರದ ಮೀನು, ಸಮುದ್ರದ ಜೀವಂತ ಕಲ್ಲು ಎಂದರು.

“ಕಲ್ಲಿಗೆ ಎಲ್ಲಿಯ ಜೀವ ಸಾಹೇಬ?”

“ಅದು ಕಲ್ಲಲ್ಲ, ಚಾಳು. ಒಂದೊಂದು ತೂತಿಗೂ ಒಬ್ಬ ಬಾಡಿಗೆದಾರ. ಒಣಗಿದರೆ ಎಲ್ಲರೂ ಸಾಯುತ್ತಾರೆ.”

ವರ್ಲಿಯಲ್ಲಿ ನೀರು ಇಳಿದಾಗ ಹೋಗಿ ಆರು ಕಲ್ಲು ಎತ್ತಿದೆ. ಹೆಂಡತಿಯೂ ಬಂದಿದ್ದಳು. ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿದೆವು. ಅವಳು ಬಾಟ್ಲಿಯಿಂದ ಗೋಣಿಗೆ ಸಮುದ್ರದ ನೀರು ಚಿಮುಕಿಸುತ್ತಾ ಕೂತಳು, ಜ್ವರದ ಮಗುವಿಗೆ ಒದ್ದೆ ಬಟ್ಟೆ ಹಾಕಿದ ಹಾಗೆ.

ಕಂಡಕ್ಟರ್ ಕೇಳಿದ, “ಏನದು?”

“ಕಲ್ಲು.”

“ನೀರು ಯಾಕೆ?”

“ಜೀವ ಐತಿ. ಒಣಗಿದರೆ ಸಾಯ್ತಾವು.”

ಅವನು ನನ್ನ ಮುಖ ನೋಡಿದ. ಪಕ್ಕದ ಠಾಣೆ ಊರಿನಲ್ಲಿ ಹುಚ್ಚರ ಆಸ್ಪತ್ರೆ ಇದೆ. ಮುಂಬೈಯಲ್ಲಿ ಎಲ್ಲರಿಗೂ ಗೊತ್ತು. “ಈ ಬಸ್ಸು ಠಾಣೆಗೆ ಹೋಗಲ್ಲ” ಎಂದ.

“ಗೊತ್ತೈತಿ ಭಾವು,” ಅಂದಳು ಹೆಂಡತಿ. “ಮುಂದ ಬಸ್ ಬದಲಾಯಿಸಿ ಇವರನ್ನ ನಾನಽ ಮುಟ್ಟಿಸ್ತೀನಿ.”

ಶ್ರಾವಣ ಸೋಮವಾರ

ತಂದ ಕಲ್ಲನ್ನು ಕೂಡಲೇ ಹೊಸ ಪೆಟ್ಟಿಗೆಗೆ ಹಾಕುವಂತಿಲ್ಲ. ದಾರಿಯಲ್ಲಿ ಸತ್ತ ಹುಳ ಕೊಳೆತು ನೀರು ಕೆಡುತ್ತದೆ, ಮೀನು ಸಾಯುತ್ತವೆ. ವಾಸನೆ ಹೋಗುವವರೆಗೆ ಬೇರೆ ಟಬ್ಬಿನಲ್ಲಿಟ್ಟು, ದಿನಾ ಸಮುದ್ರದ ನೀರು ಬದಲಾಯಿಸಬೇಕು. ಸಾಹೇಬರ ಅಕ್ಕ “ಆ ವಾಸನೆ ನನ್ನ ಮನೆಯಲ್ಲಿ ಬೇಡ” ಎಂದರು. ಹಾಗಾಗಿ ಕಲ್ಲು ಪರೇಲಿಗೆ, ನಾವಿದ್ದ ಚಾಳಿನ ಒಂದೇ ಕೋಣೆಯ ಖೋಲಿಗೆ ಬಂದವು. ಟಬ್ಬು ಮೂಲೆಯ ಮೋರಿಯಲ್ಲಿ, ನಾವು ಸ್ನಾನ ಮಾಡುವ ಜಾಗದಲ್ಲಿ ಕೂತಿತು. ಸೋಪು ಸಿಡಿಯಬಾರದು, ನಳದ ನೀರು ಬೀಳಬಾರದು. ಹೆಂಡತಿ ಪಕ್ಕದ ಖೋಲಿಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದಳು.

ನಾನು ದಿನಾ ಬೆಳಿಗ್ಗೆ ವರ್ಲಿಯಿಂದ ಎರಡು ಕ್ಯಾನು ನೀರು ಹೊತ್ತು ತರುವೆ. “ನನಗೊಂದು ಸೀರಿ ತರಲಿಲ್ಲ,” ಎನ್ನುವಳು. “ಈ ಸವತಿಗೆ ದಿನಾ ಸಮುದ್ರಽ ತರ್ತೀರಿ.”

ಶ್ರಾವಣ ಸೋಮವಾರ ನಾವಿಬ್ಬರೂ ಇಲ್ಲದಾಗ ಪಕ್ಕದ ಖೋಲಿಯ ಅಕ್ಕ ಬಂದಿದ್ದಾಳೆ. ಒಂದು ಕಲ್ಲು ಉದ್ದಕ್ಕೆ ಉರುಟಾಗಿ, ಕರ್ರಗೆ, ಮೇಲೆ ನೀರಿನ ಗುಳ್ಳೆ ಬಿಡುತ್ತಿತ್ತು. ಉಸಿರಾಡುವ ಲಿಂಗ. ಅಕ್ಕ ಬಿಡುತ್ತಾಳೆಯೇ? ಹೊರಗೆ ತೆಗೆದು ಪಾವು ಹಾಲು, ಒಂದು ಕೊಡ ನಳದ ನೀರು ಹೊಯ್ದು, ವಿಭೂತಿ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿ ಹೋಗಿದ್ದಳು. ಕಡ್ಡಿ ಸಿಕ್ಕಿಸಲು ತೂತಿಗೆ ಬರವಿರಲಿಲ್ಲ.

ಎರಡು ದಿನಕ್ಕೆ ಅದರಿಂದ ಬಿಳಿ ಲೋಳೆ ಇಳಿಯಿತು. ಸಾಹೇಬರಿಗೆ ತೋರಿಸಿದೆ. ಮೂಗು ಮುಚ್ಚಿಕೊಂಡು, “ಇದು ಹೇಗೆ ಸತ್ತಿತು?” ಎಂದರು.

“ದೇವರಾಗಿ ಸತ್ತಿತು ಸಾಹೇಬ.”

ಬಾಡಿಗೆದಾರ

ಉಳಿದ ಐದರಲ್ಲಿ ಏಡಿ ಇದ್ದರೆ ತೆಗೆದುಹಾಕು ಎಂದರು ಸಾಹೇಬರು. ಹೊಸ ಪೆಟ್ಟಿಗೆಯಲ್ಲಿ ಅದು ಸಣ್ಣ ಮೀನು ತಿನ್ನುತ್ತದೆ. ಒಂದು ಕಲ್ಲನ್ನು ಎತ್ತಿ ಓರೆ ಹಿಡಿದೆ. ಸಾಸಿವೆಯಷ್ಟು ಕಣ್ಣು, ಇಕ್ಕಳದಂಥ ಒಂದೇ ಕೊಂಡಿ, ಒಂದು ಏಡಿ ಹೊರಗೆ ಬಂತು. ಗಟಾರಕ್ಕೆ ಒಗೆಯುತ್ತೇನೆ ಅಂದೆ.

“ಯಾಕ?” ಅಂದಳು ಹೆಂಡತಿ. “ಆ ಖೋಲಿ ಅದರದು. ಎಬ್ಬಿಸಿಕೊಂಡು ಬಂದವರು ನೀವು.”

“ಸಾಹೇಬರು ಹೇಳ್ಯಾರ.”

“ಕೊಡ್ರಿ ಇಲ್ಲೆ. ನಾ ಒಗೀತೀನಿ.”

ಮಗ್ಗಿನಲ್ಲಿ ಹಿಡಿದು ಹೊರಗೆ ಹೋದಳು. ಅವತ್ತಿನಿಂದ ನನ್ನ ತಟ್ಟೆಗೆ ಉಪ್ಪಿನಕಾಯಿ ಬರಲಿಲ್ಲ. ಕೇಳಿದೆ. “ಬೂಷ್ಟು ಬಂತು, ಚೆಲ್ಲಿದೆ” ಎಂದಳು. ವರ್ಷಕ್ಕಾಗುವಷ್ಟು ಹಾಕಿದ್ದ ಉಪ್ಪಿನಕಾಯಿ. ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದೆ. ಮೂರನೆಯ ದಿನ ಅವಳಿಗೆ ಜ್ವರ ಬಂತು.

ಮಣ್ಣು ಮಾಡಿದ ಮರುದಿನ

ಬೆಳಿಗ್ಗೆ ಎದ್ದೆ. ಏನು ಮಾಡಬೇಕು ತಿಳಿಯಲಿಲ್ಲ. ಕ್ಯಾನು ಎತ್ತಿಕೊಂಡು ವರ್ಲಿಗೆ ಹೋದೆ. ಅವಳು ಹೇಳಿದ್ದಳಲ್ಲ, ಒಂದು ಬಾಟ್ಲಿ ಹೆಚ್ಚಿಗೂ ತುಂಬಿದೆ. ಬಂದು ಕಲ್ಲಿನ ನೀರು ಬದಲಾಯಿಸಿದೆ. ವಾಸನೆ ಹೋಗಿತ್ತು. ಕಲ್ಲು ಬದುಕಿದ್ದವು. ಬಾಟ್ಲಿ ಕೈಯಲ್ಲಿ ಉಳಿಯಿತು. ಇದನ್ನು ಎಲ್ಲಿ ಹೊಯ್ಯಬೇಕು? ಹೇಳುವವಳು ಇಲ್ಲ. ಹಾಗೇ ಹಿಡಿದು ಕೂತೆ.

ಪಕ್ಕದ ಖೋಲಿಯ ಅಕ್ಕ ಅನ್ನ ಸಾರು ತಂದಳು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. “ನಿನ್ನೆಯಿಂದ ಉಂಡಿಲ್ಲಣ್ಣ, ಎರಡು ತುತ್ತು ಉಣ್ಣು” ಎಂದಳು. ನಾನು ತಟ್ಟೆ ಸರಿಸಿದೆ. “ನಿನಗ ಉಪ್ಪಿನಕಾಯಿ ಇಲ್ಲದ ಇಳಿಯೂದಿಲ್ಲ, ನಿನ್ನ ಹೆಂಡತಿನೇ ಹೇಳತಿದ್ದಳು” ಅಂತ ಕಣ್ಣೊರೆಸಿಕೊಂಡು ಮಂಚದ ಕೆಳಗಿನ ಭರಣಿ ಎಳೆದಳು. ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚಿದಳು. ಕೈ ಹಾಕಿದಳು.

ಅಕ್ಕ ಕೂಗಿದ ಕೂಗಿಗೆ ಚಾಳಿನ ಮೂರೂ ಮಾಳಿಗೆಯವರು ಬಂದರು. ಸತ್ತವಳು ಎದ್ದು ಬಂದಳು ಅಂತಲೇ ತಿಳಿದರಂತೆ. ಅಕ್ಕ ಕೈ ಝಾಡಿಸುತ್ತಿದ್ದಾಳೆ. ಬೆರಳಿಗೆ ಏಡಿ ಜೋತಾಡುತ್ತಿದೆ. ಒಂದೇ ಕೊಂಡಿ.

ನನಗೆ ನಗು ಬಂತು. ತಡೆಯಲಾಗಲಿಲ್ಲ. ಬಸ್ಸಿನ ಕಥೆ ಅವಳು ಚಾಳಿಗೆಲ್ಲ ಹೇಳಿದ್ದಳು. ಬಾಗಿಲಲ್ಲಿ ಯಾರೋ ಮೆಲ್ಲಗೆ ಅಂದರು, “ಠಾಣೆಗೆ ಮುಟ್ಟಿಸಾಕ ಆಕಿನೂ ಇಲ್ಲ ಈಗ.”

ಏಡಿಯನ್ನು ಬಿಡಿಸಿ ಭರಣಿಗೆ ಹಾಕಿದೆ. ಹಳೆಯ ನೀರು ಚೆಲ್ಲಿ, ಬಾಟ್ಲಿ ಬಗ್ಗಿಸಿದೆ. ಅಳೆದು ಹೇಳಿದ್ದಳು. ಒಂದು ಹನಿ ಹೆಚ್ಚಾಗಲಿಲ್ಲ.