ಜರ್ಮನಿಯ ಕಿರೀಟ, ಮಧುವನಹಳ್ಳಿಯ ಹಲುವೆ

ಯಾರೇ ಹೇಳಲಿ, ಎಲ್ಲೇ ಅಚ್ಚಾಗಿರಲಿ, ಪರೀಕ್ಷಿಸದೆ ಒಂದು ಮಾತನ್ನು ಒಪ್ಪುವುದು ನನ್ನಿಂದಾಗದು. ಏಳನೆಯ ತರಗತಿಯಲ್ಲಿ, ಗಂಡಭೇರುಂಡವನ್ನು ಕಣ್ಣಾರೆ ಕಂಡವರು ಯಾರೆಂದು ಮೇಷ್ಟರನ್ನು ಕೇಳಿ ಬೆತ್ತದ ರುಚಿ ಕಂಡೆ. ಶಾಲೆ ಅಲ್ಲಿಗೇ ನಿಂತಿತು, ಸಂಶಯ ನಿಲ್ಲಲಿಲ್ಲ. ಉಳಿದ ವಿದ್ಯೆಯನ್ನು ಕೊಳ್ಳೇಗಾಲದ ಗ್ರಂಥಾಲಯದ ಬೆಂಚಿನ ಮೇಲೆ ನಾನೇ ಸಂಪಾದಿಸಿಕೊಂಡೆ.

ಹೋದ ವರ್ಷ ಹಳೆಯ ರಾಗಿ ತಳಿಗಳನ್ನು ಹುಡುಕಿಕೊಂಡು ಬಂದ ಜರ್ಮನಿಯ ಹಿಲ್ಡಾ ಎಂಬ ಹೆಣ್ಣುಮಗಳು ನಮ್ಮ ಮನೆಯಲ್ಲಿ ಎರಡು ದಿನ ತಂಗಿದ್ದಳು. ಅವಳ ಚೀಲದ ಮೇಲೆ ಅವಳ ಹಳ್ಳಿಯ ಲಾಂಛನದ ಕಸೂತಿಯಿತ್ತು: ಹಸಿರು ನೆಲದ ನಡುವೆ ಐದು ಮೊನೆಗಳ ಹಳದಿ ಕಿರೀಟ. ಬೇಟೆಯಲ್ಲಿ ದಾರಿ ತಪ್ಪಿದ ರಾಜನಿಗೆ ಊರವರು ಹಾಲು ಕೊಟ್ಟರಂತೆ, ಅವನು ಮೆಚ್ಚಿ ಈ ಗುರುತನ್ನು ದಯಪಾಲಿಸಿದನಂತೆ. ಒಂದು ಹಳ್ಳಿಗೆ ಅದರದೇ ಲಾಂಛನ! ಬೆರಗಾದೆ, ಕಥೆಯನ್ನು ಮಾತ್ರ ನಂಬಲಿಲ್ಲ.

"ಒಂದು ಚೊಂಬು ಹಾಲಿಗೆ ಯಾವ ರಾಜ ಕಿರೀಟ ಕೊಟ್ಟಾನಮ್ಮ? ಇದು ಕೋಟೆ ಗೋಡೆ" ಎಂದೆ.

"ಸಾರ್, ನಮ್ಮ ಪಂಚಾಯಿತಿ ಪುಸ್ತಕದಲ್ಲೇ ಇದೆ" ಎಂದಳು ಹಿಲ್ಡಾ, ಕಲಿತ ಕನ್ನಡದಲ್ಲಿ.

"ಪುಸ್ತಕ ಬರೆದವರು ರಾಜನನ್ನು ನೋಡಿದ್ದರೋ?"

ಮುದ್ದೆ ಬಡಿಸಲು ಬಂದ ನನ್ನ ಹೆಂಡತಿ ಮಹದೇವಮ್ಮ ಚೀಲವನ್ನೊಮ್ಮೆ ನೋಡಿದಳು. "ಕಿರೀಟಾನೂ ಅಲ್ಲ, ಕ್ವಾಟೆನೂ ಅಲ್ಲ. ಅಲುವೆ ಕಣ್ರಿ ಇದು. ಆಯುಧಪೂಜೇಲಿ ನಾವ್ ಒರಗ್ಸಾದು ಇಂಗೇ ಅಲ್ವಾ?"

ಹಲುವೆಯೆಂದರೆ ಮರದ ದಿಮ್ಮಿಗೆ ಹಲ್ಲು ಕೂರಿಸಿ, ಎತ್ತು ಕಟ್ಟಿ ಹೊಲದಲ್ಲಿ ಎಳೆಸುವ ಸಾಧನ. ಪೂಜೆಯ ದಿನ ಅದನ್ನು ತೊಳೆದು, ಹಲ್ಲು ಮೇಲಾಗಿ ಗೋಡೆಗೆ ಒರಗಿಸಿ ವಿಭೂತಿ ಹಚ್ಚುತ್ತೇವೆ. ನಾನು ನಕ್ಕುಬಿಟ್ಟೆ. ಹಿಲ್ಡಾ ನಗಲಿಲ್ಲ, ಹಿತ್ತಿಲಿಗೆ ಹೋಗಿ ಹಲುವೆಯ ಫೋಟೊ ತೆಗೆದುಕೊಂಡಳು.

ಹೋದ ತಿಂಗಳು ಅವಳ ಕಾಗದ ಬಂತು, ಜೊತೆಗೊಂದು ಚಿತ್ರ. ಅವಳೂರಿನ ಹಳೆಯ ಕಣಜವೊಂದನ್ನು ಕೆಡವಿದಾಗ ಸಿಕ್ಕಿದ ಕಲ್ಲಿನಲ್ಲಿ ಅದೇ ಲಾಂಛನ. ಆದರೆ ದಿಮ್ಮಿಯ ಎರಡೂ ತುದಿಗಳಲ್ಲಿ ಹಗ್ಗ ಕಟ್ಟುವ ಬಳೆಗಳು. ಆಮೇಲಿನ ಚಿತ್ರಗಾರರು ಬಳೆಗಳನ್ನು ಬಿಟ್ಟು ಕಿರೀಟ ಮಾಡಿದ್ದರು. ನಮ್ಮ ರಾಗಿಯ ಹೆಸರೇ ಕೇಳದ ಯಾರೋ ಒಬ್ಬ, ಹಿಮ ಬೀಳುವ ನೆಲದಲ್ಲಿ, ಅದೇ ದಿಮ್ಮಿಗೆ ಅದೇ ಹಲ್ಲು ಕೂರಿಸಿ, ಕೆಲಸ ಮುಗಿದ ಮೇಲೆ ಹಲ್ಲು ಮೇಲಾಗಿಯೇ ಒರಗಿಸಿದ್ದ. ಊರಿನ ಗುರುತಿಗೆ ಅದೇ ಸಾಕೆಂದು ಬಗೆದಿದ್ದ. ಯಾವ ರಾಜನ ಕಿರೀಟವೂ ನನಗೆ ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ.

ಕಾಗದದ ಕೊನೆಯಲ್ಲಿ ಒಂದು ಕೋರಿಕೆಯಿತ್ತು: ಪಂಚಾಯಿತಿ ಪುಸ್ತಕವನ್ನು ತಿದ್ದಿ ಅಚ್ಚು ಹಾಕಿಸುತ್ತಿದ್ದಾರೆ, ಹಲುವೆಯನ್ನು ಗುರುತಿಸಿದವರ ಪೂರ್ತಿ ಹೆಸರು ಬರೆದು ಕಳಿಸಬೇಕು. ಎರಡು ದಿನ ಯೋಚಿಸಿ ಉತ್ತರ ಬರೆದೆ.

"ನನ್ನೆಸ್ರು ಬರುದ್ರಾ?" ಎಂದಳು ಮಹದೇವಮ್ಮ. ಅವಳಿಗೆ ಅಕ್ಷರ ಬಾರದು.

"ಬರೆದೆ."

"ಎಲ್ಲಿ, ಓದಿ."

ಓದಿದೆ. ಅವಳ ಹೆಸರು ಗಟ್ಟಿಯಾಗಿಯೇ ಕೇಳಿಸಿತು.

"ಓದ್ದಂಗೇ ಬರ್ದದೆ ಅಂತ ಯಂಗೆ ನಂಬಾದು? ಬರ್ದುದ್ನೆಲ್ಲ ನಂಬ್‌ಬ್ಯಾಡ ಅಂತ ನಲವತ್ತು ವರ್ಸದಿಂದ ಯೋಳ್ತಿರೋರು ನೀವೇ ಅಲ್ವಾ?" ಎಂದವಳೇ ಕಾಗದವನ್ನು ಕಿತ್ತುಕೊಂಡು ಪಕ್ಕದ ಮನೆಯ ಟೀಚರಮ್ಮನ ಹತ್ತಿರ ಹೊರಟಳು.

ಕಾಗದದಲ್ಲಿ ಇರುವುದು "ಮಧುವನಹಳ್ಳಿಯ ನಮ್ಮ ಮನೆತನದವರು" ಎಂದಷ್ಟೆ. ಟೀಚರಮ್ಮ ಕನ್ನಡಕ ಹಾಕಿಕೊಳ್ಳುವುದು ಕಿಟಕಿಯಲ್ಲಿ ಕಾಣುತ್ತಿದೆ. ನಾನು ಹೊಸ ಹಾಳೆ ತೆಗೆದು, ಮೊದಲ ಸಾಲಿನಲ್ಲೇ ಮಹದೇವಮ್ಮ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಂಡು ಕೂತಿದ್ದೇನೆ.